ದೊಡ್ಡಮ್ಮನಿಗೆ ಹೊಸ ಬ್ಯಾಟರಿ

ಏಪ್ರಿಲ್ 3, ಗುರುವಾರ

ಮಾನ್ಯ ಅಧ್ಯಕ್ಷರೇ, ವೇದಿಕೆಯನ್ನು ಅಲಂಕರಿಸಿರುವ ಗಣ್ಯರೇ, ಮುಂದಿನ ಸಾಲಿನಲ್ಲಿ ಈಗಾಗಲೇ ತೂಕಡಿಸುತ್ತಿರುವ ನೌಕಾ ಇತಿಹಾಸಕಾರರೇ, ಹಿಂದೆ ಬಾಗಿಲ ಬಳಿ ತಿಂಡಿಗೆ ಕಾದು ನಿಂತಿರುವ ಮಹಾಜನರೇ,

ಇಂದು ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ ನಮ್ಮ ಅಡುಗೆಮನೆಯ ಮೇಜಿನ ಮೇಲೆ ಒಂದು ಐತಿಹಾಸಿಕ ನಿರ್ಣಯ ಅಂಗೀಕಾರವಾಯಿತು. ಪರವಾಗಿ ಒಂದು ಮತ, ಹೆಂಡತಿಯದು. ವಿರೋಧವಾಗಿ ಯಾರೂ ಇಲ್ಲ, ಏಕೆಂದರೆ ನನ್ನ ಬಾಯಲ್ಲಿ ಬ್ರೆಡ್ ಇತ್ತು. ನಿರ್ಣಯ ಇಷ್ಟು: ದೊಡ್ಡಮ್ಮನ ಹಳೇ ಬ್ಯಾಟರಿಗಳನ್ನು ಕಿತ್ತು ಲಿಥಿಯಂ ಬ್ಯಾಟರಿ ಹಾಕುವುದು, ಸೋಲಾರ್ ಹಲಗೆ ಕೂರಿಸುವುದು, ಮೇ ನಾಲ್ಕಕ್ಕೆ ದ್ವೀಪಕ್ಕೆ ಹೊರಡುವುದು.

ದೊಡ್ಡಮ್ಮ ಅಂದರೆ ಹೆಂಡತಿಯ ದೋಣಿ. ಮಾವನವರು ಮಗಳಿಗೆ ಬಿಟ್ಟುಹೋದ ಹತ್ತು ಮೀಟರಿನ ಹಾಯಿದೋಣಿ. ಅಗಲ ಸೊಂಟ, ನಿಧಾನ ನಡಿಗೆ, ತಿರುಗು ಅಂದರೆ ಸ್ವಲ್ಪ ಯೋಚನೆ ಮಾಡಿ ತಿರುಗುವ ಗತ್ತು. ಪಕ್ಕದ ಹಲಗೆಯ ಮೇಲೆ ಬೇರೇನೋ ಹೆಸರು ಬರೆದಿದೆ. ಬಂದರಿನಲ್ಲಿ ಆ ಹೆಸರು ಯಾರಿಗೂ ಗೊತ್ತಿಲ್ಲ.

ಹೆಂಡತಿ ಕಾಲೇಜಿನಲ್ಲಿ ಗಣಿತ ಹೇಳುತ್ತಾಳೆ, ನೀರಿನ ಮೇಲೆ ಕ್ಯಾಪ್ಟನ್. ನಾನು ಔಷಧಿ ಡಬ್ಬಿಯೊಳಗೆ ಮಡಚಿಟ್ಟ ಚೀಟಿ ಇರುತ್ತದಲ್ಲ, ಅದರ ಅಚ್ಚಿನ ತಪ್ಪು ತಿದ್ದುವವನು. ‘ತಲೆಸುತ್ತು, ವಾಕರಿಕೆ, ಅಪರೂಪಕ್ಕೆ ಮರಣ’ ಎಂಬಂಥ ಸಾಹಿತ್ಯ ನನ್ನದು. ನೀರಿನ ಮೇಲೆ ನಾನು ಸಿಬ್ಬಂದಿ. ಇಡೀ ಸಿಬ್ಬಂದಿಯೂ ನಾನೊಬ್ಬನೇ. ಈ ದಿನಚರಿಯೂ ಪ್ರೆಸ್ಸಿನಲ್ಲಿ ಉಳಿದ ಖಾಲಿ ಹಾಳೆಗಳ ಮಾದರಿ ಪುಸ್ತಕ.

ದ್ವೀಪ ಮೂರು ದಿನದ ದಾರಿ. ಮೊದಲ ರಾತ್ರಿ ಗುಡ್ಡದ ಬುಡದ ಕೊಲ್ಲಿಯಲ್ಲಿ ಲಂಗರು, ಆಮೇಲೆ ತೆರೆದ ಸಮುದ್ರ. ಹನ್ನೊಂದು ವರ್ಷದಲ್ಲಿ ಹನ್ನೊಂದು ಸಲ ಹೊರಟಿದ್ದೇವೆ. ಹನ್ನೊಂದು ಸಲವೂ ಎರಡನೆಯ ಮಧ್ಯಾಹ್ನ ಬ್ಯಾಟರಿ ಪ್ರಾಣ ಬಿಟ್ಟಿದೆ. ಚುಕ್ಕಾಣಿ ಹಿಡಿಯುವ ಯಂತ್ರ ನಿಂತು, ದಿಕ್ಕು ತೋರಿಸುವ ಪರದೆ ಕಪ್ಪಾಗಿ, ವಾಪಸ್ ಬಂದಿದ್ದೇವೆ.

“ಈ ಸಲ ಅರ್ಧ ದಾರಿಯಿಂದ ತಿರುಗೋ ಮಾತಿಲ್ಲ,” ಅಂದಳು ಕ್ಯಾಪ್ಟನ್. “ನಿನಗೆ ಮನಸ್ಸಿಲ್ಲ ಅಂದ್ರೆ ಈಗಲೇ ಹೇಳ್ಬಿಡು. ತಮ್ಮ ಬರ್ತಾನೆ. ನನಗೇನೂ ಬೇಜಾರಿಲ್ಲ.”

“ಬರಲ್ಲ ಅಂತ ಯಾರಂದ್ರು? ಅಡ್ಡಿ ಇದ್ದದ್ದು ಬ್ಯಾಟರಿದು.”

“ಅದನ್ನೇ ತೆಗೀತಿದೀನಲ್ಲ, ಮಹಾನುಭಾವ.”

ಹದಿನೆಂಟು ವರ್ಷದ ಸಂಸಾರದಲ್ಲಿ ‘ಬೇಜಾರಿಲ್ಲ’ ಎಂಬುದನ್ನು ಅವಳು ನಿಜವಾಗಿಯೂ ಬೇಜಾರಿಲ್ಲದೆ ಅಂದದ್ದು ಇದೇ ಮೊದಲು. ಅದಕ್ಕೇ ನನಗೆ ಬೇಜಾರಾಯಿತು.

ಹೊಸ ಬ್ಯಾಟರಿ, ಹೊಸ ಭರವಸೆ;
ಹಳೇ ಗಂಡನಿಗೆ ಅದೇ ದೆಸೆ.

ಗಟ್ಟಿಯಾಗಿ ಹೇಳಿದೆ. “ಇವತ್ತಿಂದು ಮುಗೀತು,” ಅಂದಳು. ನಮ್ಮ ಮನೆಯಲ್ಲಿ ದಿನಕ್ಕೊಂದೇ ಪ್ರಾಸ ಎಂಬ ಕಾನೂನಿದೆ.


ಏಪ್ರಿಲ್ 5, ಶನಿವಾರ

ಮಹಾಜನರೇ, ಸೀಸದ ಬ್ಯಾಟರಿ ಎಂಬುದು ಸುಮ್ಮನೆ ಕೂತ ನೆಂಟ. ಒಳಗೆ ಬರುವಾಗ ಇಬ್ಬರು ಸಾಕು, ಹೊರಗೆ ಕಳಿಸಲು ನಾಲ್ವರು ಬೇಕು. ಬಂದರಿನ ಕಟ್ಟೆಯ ತನಕ ಎರಡನ್ನೂ ಹೊತ್ತು ತರುವಷ್ಟರಲ್ಲಿ ನನ್ನ ಸೊಂಟ ಒಂದು ಹೊಸ ಸ್ವರ ಕಲಿಯಿತು.

ಹೊತ್ತ ನಾಲ್ವರಲ್ಲಿ ಒಬ್ಬ ಭಾವಮೈದುನ. ಮೂವತ್ತೆಂಟು ವರ್ಷ, ಈಜುಗಾರನ ಭುಜ, ಯಾವಾಗಲೂ ನಗು. “ಭಾವ, ನೀವು ಬರಲ್ಲ ತಾನೇ? ನನ್ನ ಲೈಫ್ ಜಾಕೆಟ್ ಒಳಗಿಟ್ಬಿಡ್ಲಾ?” ಎಂದು ಕೇಳಿದ. ಹಾಳೂರಿಗೆ ಉಳಿದವನೇ ಗೌಡ ಅಂತಾರಲ್ಲ. ಇಲ್ಲಿ ನಾನಿನ್ನೂ ಊರು ಬಿಟ್ಟಿಲ್ಲ, ಇವನು ಗೌಡಿಕೆಗೆ ಅರ್ಜಿ ಹಾಕಿ ನಿಂತಿದ್ದಾನೆ.

ಇನ್ನೊಬ್ಬರು ತಂತಿಯಕ್ಕ. ಅರವತ್ತು ದಾಟಿದ ಹೆಂಗಸು, ಕನ್ನಡಕಕ್ಕೆ ತಂತಿಯ ಚೂರನ್ನೇ ಸರ ಮಾಡಿ ಕೊರಳಿಗೆ ಹಾಕಿಕೊಂಡಿದ್ದಾರೆ. ಈ ಬಂದರಿನ ಎಲ್ಲ ದೋಣಿಗಳ ನರನಾಡಿ ಅವರಿಗೆ ಗೊತ್ತು. ಕರಾರು ಒಂದೇ: ದೋಣಿಯವರು ಕೈಯಾರೆ ಕೆಲಸ ಮಾಡಬೇಕು, ತಾವು ಪಕ್ಕದಲ್ಲಿ ಕೂತು ಬೈಯುತ್ತಾರೆ. “ಸಮುದ್ರದ ಮಧ್ಯ ಏನಾದ್ರೂ ಆದ್ರೆ ನಾನು ಈಜಿ ಬರಲ್ಲ,” ಎಂಬುದು ಅವರ ಸಿದ್ಧಾಂತ. ಕ್ಯಾಪ್ಟನ್‌ಗೆ ಪರೀಕ್ಷೆಯ ಪೇಪರ್ ತಿದ್ದುವ ಕಾಲ. ಹಾಗಾಗಿ ದೋಣಿಯವರು ಅಂದರೆ ನಾನು.

ಕಟ್ಟೆಯ ಮೇಲೆ ಹಳೇ ಬ್ಯಾಟರಿಗಳಿಗೆ ಮೀಟರ್ ಹಚ್ಚಿ ನೋಡಿದರು. ಇನ್ನೊಮ್ಮೆ ಹಚ್ಚಿದರು.

“ಇವು ವಯಸ್ಸಿಗೆ ಗಟ್ಟಿಯಾಗೇ ಇವೆ. ಎರಡೇ ದಿನಕ್ಕೆ ಸಾಯೋ ಜೀವ ಅಲ್ಲ ಇವು. ಕರೆಂಟ್ ಎಲ್ಲಿಗೆ ಹೋಗ್ತಿತ್ತು?”

“ಫ್ರಿಜ್ಜು ತಿನ್ನುತ್ತೆ ಅಕ್ಕ, ಭಾರಿ ತಿನ್ನುತ್ತೆ,” ಅಂದೆ.

“ಎಂಥ ಫ್ರಿಜ್ಜು, ನಾಲ್ಕು ಮೊಟ್ಟೆ ಹಿಡಿಯೋದು.”

ಆಗ ಟೀ ಬಂತು. ಸಮಯಕ್ಕೆ ಸರಿಯಾಗಿ ಬರುವ ಟೀಗೆ ನಾನು ಜೀವನದಲ್ಲಿ ಬಹಳ ಋಣಿ.


ಏಪ್ರಿಲ್ 9, ಬುಧವಾರ

ಬ್ಯಾಟರಿ ಬಂತು. ಜೊತೆಗೆ ಬಳಕೆಯ ಕೈಪಿಡಿ, ಯಾರೋ ಯಂತ್ರದಿಂದ ಕನ್ನಡ ಮಾಡಿಸಿದ್ದು. ‘ಬ್ಯಾಟರಿಯನ್ನು ಪ್ರೀತಿಯಿಂದ ಕೊಲ್ಲಬೇಡಿ.’ ಕೆಂಪು ಪೆನ್ನು ಹಿಡಿದು ಕೂತೆ. ಹನ್ನೆರಡು ಪುಟಕ್ಕೆ ಎಂಬತ್ಮೂರು ತಪ್ಪು. ತಿದ್ದುತ್ತಾ ತಿದ್ದುತ್ತಾ ವಿಷಯ ತಲೆಗೆ ಹೋಗಿಬಿಟ್ಟಿತು, ಇದು ನನ್ನ ಉದ್ದೇಶವಾಗಿರಲಿಲ್ಲ.

ನಾನು ಕನ್ನಡ ಮೀಡಿಯಂ. ‘ವಿಭವಾಂತರ’, ‘ರೋಧ’ ಎಂದು ಕಲಿತು ಪಾಸಾದವನು. ವಿಭವಾಂತರ ಅಂದರೆ ವೋಲ್ಟೇಜು ಎಂದು ಹೊಳೆದಾಗ, ಊರಲ್ಲಿ ಕಂಡ ಹಳೇ ಸಹಪಾಠಿ ಸೂಟು ಹಾಕಿಕೊಂಡು ಎದುರು ಬಂದ ಹಾಗಾಯಿತು. ಏನಯ್ಯಾ, ನೀನೇನಾ!


ಏಪ್ರಿಲ್ 13, ಭಾನುವಾರ

ಎರಡು ದಿನ ಬರೆಯಲಾಗಲಿಲ್ಲ, ಬೆರಳು ನೋಯುತ್ತಿತ್ತು.

ದಪ್ಪ ತಂತಿಯ ತುದಿ ಸುಲಿದು, ತಾಮ್ರದ ಟೊಪ್ಪಿ ಹಾಕಿ, ಉದ್ದ ಹಿಡಿಕೆಯ ಇಕ್ಕಳದಿಂದ ಒತ್ತಬೇಕು. ಒತ್ತಿದ ಮೇಲೆ ತಂತಿಯಕ್ಕ ಕೈಯಲ್ಲಿ ಹಿಡಿದು ಎಳೆಯುತ್ತಾರೆ. ಕಿತ್ತು ಬಂದರೆ, “ಇದು ಟೊಪ್ಪಿ ಅಲ್ಲ, ಟೋಪಿ ಹಾಕೋದು,” ಅಂತ ಸಮುದ್ರಕ್ಕೆ ಎಸೆಯುವ ಹಾಗೆ ಮಾಡಿ ಜೇಬಿಗೆ ಹಾಕಿಕೊಳ್ಳುತ್ತಾರೆ. ನಿನ್ನೆ ಆರು ಟೊಪ್ಪಿ ಅವರ ಜೇಬಿಗೆ ಹೋಯಿತು. ಇವತ್ತು ಏಳನೆಯದನ್ನು ಎಳೆದರು. ಬರಲಿಲ್ಲ. ಕಾಲು ಗೋಡೆಗೆ ಕೊಟ್ಟು ಎಳೆದರು. ಬರಲಿಲ್ಲ.

“ಹ್ಞೂಂ,” ಅಂದರು.

ಕಾಲೇಜಿನಲ್ಲಿ ನನಗೆ ಭಾಷಣಕ್ಕೆ ಬಹುಮಾನ ಬಂದಿತ್ತು, ಪ್ರೆಸ್ಸಿನಲ್ಲಿ ಹದಿನೈದು ವರ್ಷದ ಸೇವೆಗೆ ಗಡಿಯಾರ ಬಂದಿತ್ತು. ಎರಡೂ ಸೇರಿಸಿದರೂ ಆ ಹ್ಞೂಂನ ತೂಕಕ್ಕೆ ಬಾರದು.

ಮನೆಗೆ ಬಂದು ಊಟದ ಮಧ್ಯೆ ಕ್ಯಾಪ್ಟನ್‌ಗೆ ಟೊಪ್ಪಿಯ ಕಥೆ ಹೇಳಿದೆ. ಆಮೇಲೆ ಹೊಸ ಬ್ಯಾಟರಿಗೂ ಇಂಜಿನ್ನಿಗೂ ನಡುವೆ ಇನ್ನೊಂದು ಚಾರ್ಜರ್ ಏಕೆ ಬೇಕು ಅನ್ನುವುದನ್ನೂ: ಲಿಥಿಯಂ ಅಂದರೆ ಹಸಿದ ಅಳಿಯ, ಕೊಟ್ಟಷ್ಟೂ ಉಣ್ಣುತ್ತಾನೆ, ಇಂಜಿನ್ನಿನ ಡೈನಮೋ ಪಾಪದ ಅತ್ತೆ, ಬಡಿಸಿ ಬಡಿಸಿ ಸುಟ್ಟು ಹೋಗುತ್ತಾಳೆ, ಮಧ್ಯೆ ಒಬ್ಬ ಬಿಗಿ ಕೈಯ ಬಡಿಸುವವನು ಬೇಕು. ಅವಳು ಪೇಪರ್ ತಿದ್ದುವುದು ಬಿಟ್ಟು ನೋಡುತ್ತಿದ್ದಳು.

“ಏನು?”

“ಏನಿಲ್ಲ. ನೀನು ಒಂದೂ ಪ್ರಾಸ ಹಾಕ್ಲಿಲ್ಲ.”

ಹೌದೇ? ಗಮನಿಸಿರಲಿಲ್ಲ. ತಕ್ಷಣ ಹಾಕಿದೆ:

ಸೀಸದ ಭಾರಕ್ಕೆ ಸೊಂಟ ಸೋತಿತು,
ಲಿಥಿಯಂ ಬಂದು ಹಗುರಾಗಿ ಕೂತಿತು.


ಏಪ್ರಿಲ್ 16, ಬುಧವಾರ

ಕ್ಯಾಪ್ಟನ್ ಸಮುದ್ರದ ನಕ್ಷೆಯನ್ನು ಮನೆಗೆ ತಂದು ನೆಲದ ಮೇಲೆ ಹಾಸಿದಳು. ನಾಲ್ಕು ಮೂಲೆಗೆ ನಾಲ್ಕು ಚಪ್ಪಲಿ. ನಾವು ತಿರುಗಿ ಬಂದ ಜಾಗಕ್ಕೆಲ್ಲ ಅವಳು ಪೆನ್ಸಿಲ್‌ನಲ್ಲಿ ಗುಣಾಕಾರದ ಗುರುತು ಹಾಕಿಟ್ಟಿದ್ದಾಳೆ, ಪಕ್ಕದಲ್ಲಿ ವರ್ಷ. ಹನ್ನೊಂದು ಗುಣಾಕಾರ.

“ಬಾ ಇಲ್ಲಿ, ನೋಡು. ಎಲ್ಲಾ ಒಂದೇ ಗೆರೆ ಮೇಲಿವೆ.” ಕೈವಾರ ತಂದು ಗುಡ್ಡದ ತುದಿಗೆ ಮುಳ್ಳು ಊರಿ ಎಳೆದಳು. ಹನ್ನೊಂದೂ ಆ ಕಮಾನಿನ ಆಸುಪಾಸಿನಲ್ಲೇ ಬಿದ್ದವು. “ಗುಡ್ಡ ಕಣ್ಣಿಗೆ ಮರೆಯಾಗೋದೂ ಅಲ್ಲೇ. ಒಂದು ವರ್ಷ ಗಾಳಿ ಜೋರಿತ್ತು, ಒಂದು ವರ್ಷ ಇರ್ಲಿಲ್ಲ. ಆದ್ರೂ ಬ್ಯಾಟರಿ ಸಾಯೋದು ಮಾತ್ರ ಅಲ್ಲೇ. ಇದಕ್ಕೇನಂತೀಯ?”

“ಬ್ಯಾಟರಿಗೆ ಭೂಗೋಳ ಗೊತ್ತಿತ್ತು ಅಂತೀನಿ.”

ಅವಳು ಪೆನ್ಸಿಲನ್ನು ಕಿವಿಯ ಹಿಂದೆ ಸಿಕ್ಕಿಸಿಕೊಂಡು ಗೆರೆಯಾಚೆಯ ದ್ವೀಪವನ್ನು ಬೆರಳಲ್ಲಿ ಮುಟ್ಟಿದಳು. ಏಳನೆಯ ವಯಸ್ಸಿನಲ್ಲಿ ಅಪ್ಪನ ಜೊತೆ ಹೋದವಳು. ಬಂಡೆಯ ತುಂಬ ಬಿಳೀ ಹಕ್ಕಿಗಳು. ದೋಣಿ ಹತ್ತಿರ ಹೋದಾಗ ಅಷ್ಟೂ ಒಟ್ಟಿಗೆ ಎದ್ದವಂತೆ. “ಯಾರೋ ಬೆಡ್‌ಶೀಟ್ ಕೊಡವಿದ ಹಾಗೆ,” ಅನ್ನುತ್ತಾಳೆ. ಹದಿನೆಂಟು ವರ್ಷದಲ್ಲಿ ಈ ಬೆಡ್‌ಶೀಟನ್ನು ಎಷ್ಟು ಸಲ ಕೊಡವಿದ್ದಾಳೋ. ಯಾವಾಗ ಹೇಳಿದರೂ ಅದೇ ಕೈ, ಅದೇ ಕೊಡವು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅಂತ ಒಂದು ಗಾದೆ ಇದೆ, ಮಹಾಜನರೇ. ಸುಮ್ಮನೆ ನೆನಪಾಯಿತು. ಗಾದೆ ಸಂಗ್ರಹಿಸುವುದು ನನ್ನ ಹವ್ಯಾಸ.


ಏಪ್ರಿಲ್ 19, ಶನಿವಾರ

ಇವತ್ತು ಒಬ್ಬನೇ ದೋಣಿಯಲ್ಲಿ. ಕೂರುವ ಹಲಗೆಯ ಕೆಳಗಿನ ಗೂಡಿನಲ್ಲಿ ಅಂಗಾತ ಮಲಗಿ, ಬಾಯಲ್ಲಿ ಟಾರ್ಚ್ ಕಚ್ಚಿಕೊಂಡು ಐದು ಗಂಟೆ. ಹನ್ನೊಂದು ವರ್ಷ ಮೇಲೆ ಕೂತು ಹೋಗಿದ್ದೇನೆ, ಕೆಳಗೆ ಏನಿದೆ ಎಂದು ನೋಡಿರಲಿಲ್ಲ. ದೊಡ್ಡಮ್ಮನ ಒಡಲು ಬಲು ಚೊಕ್ಕ. ಮಾವನವರು ಒಂದೊಂದು ತಂತಿಗೂ ಪೆನ್ಸಿಲ್‌ನಲ್ಲಿ ಚೀಟಿ ಬರೆದು ಕಟ್ಟಿದ್ದಾರೆ: ‘ಅಡುಗೆ ದೀಪ’, ‘ನೀರಿನ ಪಂಪು’. ಒಂದರಲ್ಲಿ ‘ಇದು ಏನೋ, ಕೀಳಬೇಡಿ’. ಪಾಪ, ಪ್ರಾಮಾಣಿಕ ಮನುಷ್ಯ.

ಕೆಲಸ ಏನೆಂದರೆ ಲೆಕ್ಕದ ಮೀಟರು ಕೂರಿಸುವುದು. ಬ್ಯಾಟರಿಯಿಂದ ಹೊರಟ ಕರೆಂಟೆಲ್ಲ ಮರಳಿ ಬರುವುದು ಕರೀ ತಂತಿಗಳಲ್ಲಿ. ಅವೆಲ್ಲ ಒಂದು ಹಿತ್ತಾಳೆಯ ಅಡ್ಡಪಟ್ಟಿಯನ್ನು ದಾಟಿಯೇ ಬ್ಯಾಟರಿ ಸೇರಬೇಕು, ಅದೇ ಗೇಟು. ಗೇಟಿನವನು ಎಣಿಸಿ ಪರದೆಗೆ ಹೇಳುತ್ತಾನೆ, ಯಾರು ಎಷ್ಟು ತಿಂದರು, ಎಷ್ಟು ಉಳಿದಿದೆ. ಯಾವ ತಂತಿಯಾದರೂ ಗೇಟು ತಪ್ಪಿಸಿ ನೇರ ಬ್ಯಾಟರಿಗೆ ಹೋಯಿತೋ, ಅದು ತಿಂದದ್ದು ದೇವರಿಗೂ ಗೊತ್ತಾಗುವುದಿಲ್ಲ.

ಒಂಬತ್ತು ತಂತಿ. ಸಂಜೆಗೆ ಮುಗಿಯಿತು. ಮೈ ನೋವು, ಹೊಟ್ಟೆ ಹಸಿವು, ಮನಸ್ಸು ಏಕೋ ತುಂಬ ಹಗುರ. ಬಹುತೇಕ ಹಗುರ.


ಏಪ್ರಿಲ್ 20, ಭಾನುವಾರ

ತಂತಿಯಕ್ಕ ಪರೀಕ್ಷೆಗೆ ಬಂದರು. ಗೂಡಿಗೆ ತಲೆ ಹಾಕಿ ಒಂದೊಂದೇ ತಂತಿ ಎಣಿಸಿದರು. ಕಾಲುಗಳು ಮಾತ್ರ ಹೊರಗೆ. ಆ ಕಾಲುಗಳ ಜೊತೆ ನಾನು ಹವಾಮಾನದ ಬಗ್ಗೆ ಮಾತಾಡುತ್ತಿದ್ದೆ.

“ಒಂಬತ್ತರಲ್ಲಿ ಎಂಟು ಗೇಟಿಂದ ಬಂದಿವೆ,” ಅಂದಿತು ಒಳಗಿನ ದನಿ. “ಒಂದು ಗೋಡೆ ಹಾರಿದೆ.”

“ಹೌದಾ? ಕೈತಪ್ಪು ಇರ್ಬೇಕು ಅಕ್ಕ. ಕತ್ತಲೆ ಬೇರೆ.”

“ಇಷ್ಟು ಚೆನ್ನಾಗಿ ಟೊಪ್ಪಿ ಹಾಕಿ, ಇಷ್ಟು ನೀಟಾಗಿ ಕಟ್ಟಿ, ಕೈತಪ್ಪು.” ಹೊರಗೆ ಬಂದು ಕನ್ನಡಕ ತೆಗೆದು ಒರೆಸಿಕೊಂಡರು. “ಯಾವುದು ಹೇಳಿ ನೋಡೋಣ? ಕಂಬದ ತುದಿ ದೀಪದ್ದು.”

ಹಾಯಿಕಂಬದ ನೆತ್ತಿಯಲ್ಲಿ ಒಂದು ದೀಪವಿದೆ. ರಾತ್ರಿ ಲಂಗರು ಹಾಕಿದಾಗ ಬೇರೆ ದೋಣಿಗಳಿಗೆ ಕಾಣಲಿ ಎಂದು ಹಚ್ಚುವುದು. ಹಾಕುವುದು, ಆರಿಸುವುದು ಸಿಬ್ಬಂದಿಯ ಕೆಲಸ.

“ಮೊನ್ನೆ ಆ ಬಲ್ಬ್ ಬಿಚ್ಚಿದ್ದೆ,” ಅಕ್ಕ ಮುಂದುವರಿಸಿದರು. “ಗಾಜು ಕಪ್ಪಾಗಿತ್ತು. ವರ್ಷಕ್ಕೆ ನಾಲ್ಕೈದು ರಾತ್ರಿ ಉರಿಯೋ ಬಲ್ಬ್ ಹಾಗಾಗಲ್ಲ. ಹಳೇ ಕಾಲದ ಬಲ್ಬ್, ಚೆನ್ನಾಗಿ ಕುಡಿಯುತ್ತೆ.”

“ಹಳೇ ಬಲ್ಬ್‌ಗಳೇ ಹಾಗೆ,” ಅಂದೆ.

“ಹ್ಞಾಂ. ಈಗ ಎಲ್ಇಡಿ ಹಾಕಿದೀನಿ. ಹಗಲೂ ರಾತ್ರಿ ಉರಿಸಿದ್ರೂ ಬ್ಯಾಟರಿಗೆ ಸೊಳ್ಳೆ ಕಚ್ಚಿದ ಹಾಗೆ.” ಚೀಲ ಹೆಗಲಿಗೆ ಹಾಕಿಕೊಂಡರು. “ಆ ತಂತಿ ನಾನು ಮುಟ್ಟಲ್ಲ. ಹಾಕಿದವರೇ ತೆಗೀಲಿ. ತೆಗೆದ ಮೇಲೆ ಕರೀರಿ, ಸಹಿ ಹಾಕ್ತೀನಿ.”

“ಕ್ಯಾಪ್ಟನ್‌ಗೆ ಏನಾದ್ರೂ...”

“ನಾನು ತಂತಿ ನೋಡೋಳು. ಸಂಸಾರ ನೋಡೋಳಲ್ಲ.”

ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಮಾತಾಡುವವರನ್ನು ಕಂಡಿದ್ದೇನೆ. ಈ ಹೆಂಗಸು ದೀಪವನ್ನು ನೇರ ನನ್ನ ಮುಖಕ್ಕೇ ಹಿಡಿದು, ತಾನು ಆ ಕಡೆ ತಿರುಗಿ ನಿಂತರು.


ಏಪ್ರಿಲ್ 22, ಮಂಗಳವಾರ

ಬರೆಯುವಂಥದ್ದು ಏನಿಲ್ಲ. ಸಭೆ ಮುಂದೂಡಲಾಗಿದೆ.


ಏಪ್ರಿಲ್ 24, ಗುರುವಾರ

ಭಾವಮೈದುನ ಹಣ್ಣಿನ ಬುಟ್ಟಿ ಹಿಡಿದು ಮನೆಗೆ ಬಂದ. ಮೆಟ್ಟಿಲು ಹತ್ತಿ ಹಸಿರು ಬಾಗಿಲು ಬಡಿದು, ತೆಗೆಯುವ ಮುನ್ನವೇ ಮಾತು ಶುರು.

“ಭಾವ, ಭಾನುವಾರದೊಳಗೆ ರಜೆ ಬರೆದು ಕೊಡ್ಬೇಕು. ಅಕ್ಕ ಹೇಳಿದ್ಳು, ನಿಮ್ಮನ್ನೇ ಕೇಳು ಅಂತ. ನೀವು ಬರ್ತೀರಾ, ನಾನು ಹೋಗ್ಲಾ?”

ಅವನ ದನಿಯಲ್ಲಿ ಒಂದು ಚೂರೂ ಕುಹಕವಿಲ್ಲ. ಅದೇ ಕಷ್ಟ. ಸಮುದ್ರ ಅಂದರೆ ಅವನಿಗೆ ಆಸೆ, ನನಗೊಂದು ಉಪಕಾರ ಮಾಡುತ್ತಿದ್ದೇನೆ ಎಂಬ ನಂಬಿಕೆ. “ಬೇಜಾರಿಲ್ಲದೆ ಹೇಳಿ,” ಅಂದ. ಇವರ ಮನೆತನಕ್ಕೇ ಈ ಮಾತಿನ ರೋಗ.

ಉತ್ತರ ಬಾಯಿಯವರೆಗೆ ಬಂತು. ಅಷ್ಟರಲ್ಲಿ, “ಡೈನಮೋ ಚಾರ್ಜರ್ ಬಿಸಿಯಾದ್ರೆ ಏನು ಮಾಡ್ತೀಯ?” ಎಂದು ಕೇಳಿದೆ.

“ಅಕ್ಕನ್ನ ಕೇಳ್ತೀನಿ.”

“ಅವಳಿಗೂ ಗೊತ್ತಿಲ್ಲ. ನನಗೆ ಮಾತ್ರ ಗೊತ್ತು.”

“ಹಾಗಾದ್ರೆ?”

“ಭಾನುವಾರ ಹೇಳ್ತೀನಿ.”

ಅವನು ಹೋದ ಮೇಲೆ ಒಂದು ಸೇಬು ತಿಂದೆ. ಆ ದೋಣಿಯಲ್ಲಿ ಇನ್ನೊಬ್ಬ ಗಂಡಸು ನನ್ನ ತಂತಿಗಳ ಮೇಲೆ ಕೂತು ಹೋಗುತ್ತಾನೆ ಎಂಬ ಚಿತ್ರ ಏಕೋ ಗಂಟಲಲ್ಲಿ ಸಿಕ್ಕಿಕೊಂಡಿತು. ಅಥವಾ ಸೇಬೇ ಇರಬಹುದು.


ಏಪ್ರಿಲ್ 26, ಶನಿವಾರ

ಅಧ್ಯಕ್ಷರೇ! ಗಣ್ಯರೇ! ಎದ್ದು ನಿಲ್ಲಿ!

ಇವತ್ತು ಬಿಸಿಲು ಬಂತು. ದೋಣಿಗೆ ಬಂತು, ತಂತಿಯೊಳಗೆ ಬಂತು.

ದೊಡ್ಡಮ್ಮನ ಹಿಂಭಾಗದ ಕಮಾನಿಗೆ ಎರಡು ಸೋಲಾರ್ ಹಲಗೆ ಬಿಗಿದೆವು, ಭಾವಮೈದುನ ಒಂದು ಕಡೆ, ನಾನೊಂದು ಕಡೆ, ಕ್ಯಾಪ್ಟನ್ ಕೆಳಗೆ ನಿಂತು, “ಎಡಕ್ಕೆ, ನಿನ್ನ ಎಡಕ್ಕಲ್ಲ, ನನ್ನ ಎಡಕ್ಕೆ!” ಹನ್ನೊಂದು ಗಂಟೆಗೆ ಕೊನೆಯ ಜೋಡಣೆ. ಸ್ವಿಚ್ ಒತ್ತುವ ಮರ್ಯಾದೆ ನನಗೇ ಬಿಟ್ಟರು. ಒತ್ತಿದೆ. ಪರದೆ ಒಂದು ಸಲ ಕಣ್ಣು ಮಿಟುಕಿಸಿ ತೋರಿಸಿತು: ಹದಿನಾಲ್ಕು ಆಂಪಿಯರ್, ಒಳಗೆ.

ಎಲ್ಲಿಂದ? ಸುಮ್ಮನೆ ಆಕಾಶದಿಂದ! ಇಂಜಿನ್ನಿನ ಸದ್ದಿಲ್ಲ, ಹೊಗೆಯಿಲ್ಲ. ಮೋಡ ಅಡ್ಡ ಬಂದರೆ ಐದು, ಸರಿದರೆ ಹದಿನಾಲ್ಕು. ನಾನು ಮೋಡ ನೋಡಿ ಸಂಖ್ಯೆ ಹೇಳುತ್ತಿದ್ದೆ, ಕ್ಯಾಪ್ಟನ್ ಒಳಗಿಂದ ಪರದೆ ನೋಡಿ ಸರಿಯೋ ತಪ್ಪೋ ಕೂಗುತ್ತಿದ್ದಳು. “ಒಂಬತ್ತು!” “ಒಂಬತ್ತೂವರೆ!” ಮದುವೆಯಾದ ಹೊಸತರಲ್ಲಿ ನಾವು ಹೀಗೇ ರೈಲಿನ ಡಬ್ಬಿ ಎಣಿಸಿ ಪಂದ್ಯ ಕಟ್ಟುತ್ತಿದ್ದೆವು.

ಆಮೇಲೆ ಕರೆಂಟಿನ ಕೆಟಲಿನಲ್ಲಿ, ದೋಣಿಯ ಮೇಲೆ, ಬಿಸಿಲಿನಿಂದ ಟೀ ಕಾಸಿದೆವು. ಅಕ್ಕಪಕ್ಕದ ದೋಣಿಯವರೆಲ್ಲ ಲೋಟ ಹಿಡಿದು ಬಂದರು. ಹಾಯಿ ಹೊಲಿಯುವ ಮುದುಕಪ್ಪ ಒಂದು ಗುಟುಕು ಕುಡಿದು, “ರುಚಿಯಲ್ಲಿ ವ್ಯತ್ಯಾಸ ಇಲ್ಲ,” ಎಂದು ತೀರ್ಪು ಕೊಟ್ಟ. ಹನ್ನೆರಡು ಲೋಟ ಟೀ ಆದ ಮೇಲೂ ಬ್ಯಾಟರಿ ನೂರಕ್ಕೆ ತೊಂಬತ್ತೆಂಟು.

ಮೇಲೆ ಸೂರ್ಯ, ಕೆಳಗೆ ಕೆಟಲು;
ಮಧ್ಯೆ ನಮ್ಮ ದೊಡ್ಡಮ್ಮನ ತೊಟ್ಟಿಲು.

ಅವಳು ಇನ್ನೊಂದು ಕೇಳಿದಳು! ಕಾನೂನು ಮಾಡಿದವಳೇ!

ಮಧ್ಯಾಹ್ನ ಎಲ್ಲರೂ ಮನೆಗೆ ಹೋದರು. ನಾನು ಸ್ವಲ್ಪ ಉಳಿದೆ. ಬೇರೆ ಕೆಲಸವಿರಲಿಲ್ಲವಾದ್ದರಿಂದ ಗೂಡಿಗಿಳಿದು ಆ ಒಂಬತ್ತನೆಯ ತಂತಿಯನ್ನು ಬಿಚ್ಚಿ ಗೇಟಿನ ಈಚೆಗೆ ತಂದು ಬಿಗಿದೆ. ಹತ್ತು ನಿಮಿಷದ ಕೆಲಸ. ಮಾವನವರ ಹಳೇ ಚೀಟಿ ಹರಿದಿತ್ತು. ಹೊಸದು ಬರೆದು ಕಟ್ಟಿದೆ: ‘ಕಂಬದ ದೀಪ’.


ಏಪ್ರಿಲ್ 27, ಭಾನುವಾರ

ತಂತಿಯಕ್ಕ ಬಂದು ನೋಡಿ ಸಹಿ ಹಾಕಿದರು. ಜೇಬಿನಿಂದ ನನ್ನ ಆರು ಹಾಳು ಟೊಪ್ಪಿಗಳನ್ನು ತೆಗೆದು ತಂತಿಯಲ್ಲಿ ಪೋಣಿಸಿ ಸರ ಮಾಡಿ ಕೊಟ್ಟರು. “ಕೊರಳಿಗೆ ಹಾಕ್ಕೊಳ್ಳಿ. ಅಹಂಕಾರ ಬಂದಾಗ ಮುಟ್ಟಿ ನೋಡ್ಕೊಳ್ಳಿ.”

ಭಾವಮೈದುನನಿಗೆ ಫೋನ್ ಮಾಡಿ, “ರಜೆ ಉಳಿಸ್ಕೋ,” ಅಂದೆ.

“ಖಂಡಿತಾನಾ ಭಾವ?”

“ಲೈಫ್ ಜಾಕೆಟ್ ತಗೊಂಡ್ಹೋಗು. ಜಾಗ ಬೇಕು.”

ಕ್ಯಾಪ್ಟನ್ ಪಕ್ಕದ ಕೋಣೆಯಲ್ಲಿ ಬಟ್ಟೆ ಮಡಚುತ್ತಿದ್ದಳು. ಫೋನ್ ಇಟ್ಟ ಮೇಲೆ ಸೀಟಿ ಕೇಳಿಸಿತು. ಅವಳಿಗೆ ಸೀಟಿ ಹೊಡೆಯಲು ಬರುತ್ತದೆ ಎಂದು ನನಗೆ ಇವತ್ತೇ ಗೊತ್ತಾದದ್ದು.


ಮೇ 3, ಶನಿವಾರ

ಮೊಟ್ಟೆ, ಅಕ್ಕಿ, ಹಣ್ಣು, ಬಿಸ್ಕತ್ತು, ನೀರು, ಔಷಧಿ ಡಬ್ಬಿ. (ಚೀಟಿ ಓದಬೇಕಿಲ್ಲ, ಬಾಯಿಪಾಠ.) ನಾಳೆ ಆರಕ್ಕೆ. ಕಟ್ಟಿದ ಚೀಲವನ್ನು ಮೂರು ಸಲ ಬಿಚ್ಚಿ ಕಟ್ಟಿದೆ. ಇದೂ ಅಡ್ಡಪರಿಣಾಮವೇ, ‘ಅಪರೂಪಕ್ಕೆ’ ಎಂಬ ವಿಭಾಗದ್ದು.


ಮೇ 4, ಭಾನುವಾರ

ಹೊರಟೆವು. ಕಟ್ಟೆಯ ಮೇಲೆ ತಂತಿಯಕ್ಕ ಕೈ ಬೀಸಲಿಲ್ಲ, ಹ್ಞೂಂ ಎಂಬಂತೆ ತಲೆ ಆಡಿಸಿದರು. ಸಂಜೆ ಗುಡ್ಡದ ಬುಡದ ಕೊಲ್ಲಿಯಲ್ಲಿ ಲಂಗರು. ಕತ್ತಲಾಗುವ ಹೊತ್ತಿಗೆ ಕಂಬದ ದೀಪ ಹಾಕಿದೆ. ಪರದೆಯ ಲೆಕ್ಕದಲ್ಲಿ ಕಾಲು ಆಂಪಿಯರ್ ಕೂಡ ಏರಲಿಲ್ಲ. ನಿಜಕ್ಕೂ ಸೊಳ್ಳೆಯೇ.

ಕೊಲ್ಲಿಯಿಂದ ನಮ್ಮ ಗುಡ್ಡ ತುಂಬ ದೊಡ್ಡದಾಗಿ ಕಾಣುತ್ತದೆ. ದಡದ ಕೊನೆಯ ಗುಡ್ಡ.


ಮೇ 5, ಸೋಮವಾರ, ಮಧ್ಯಾಹ್ನ

ಮಾನ್ಯ ಅಧ್ಯಕ್ಷರೇ, ಬೆಳಿಗ್ಗೆ ಎದ್ದ ತಕ್ಷಣ ಕಂಬದ ದೀಪ ಆರಿಸಿದೆ. ಸಮಯ ಆರೂ ಐದು. ಸಭೆಯ ದಾಖಲೆಗೆ ಇರಲಿ. ಲಂಗರು ಎತ್ತಿ, ಹಾಯಿ ಏರಿಸಿ, ಬೆನ್ನಿಗೆ ಗುಡ್ಡ ಇಟ್ಟುಕೊಂಡು ಹೊರಟೆವು. ಒಳ್ಳೇ ಗಾಳಿ. ದೊಡ್ಡಮ್ಮ ಇವತ್ತು ಸೆರಗು ಸಿಕ್ಕಿಸಿಕೊಂಡು ಓಡುತ್ತಿದ್ದಾಳೆ.

ಎರಡು ಗಂಟೆಗೆ ಡೈನಮೋ ಚಾರ್ಜರಿನ ಒಂದು ತಿರುಪುಮೊಳೆ ಸಡಿಲವಾಗಿದೆ ಅನ್ನಿಸಿ ಗೂಡಿಗಿಳಿದೆ. ಸಡಿಲವಾಗಿರಲಿಲ್ಲ, ಆದರೂ ಎಲ್ಲ ಮೊಳೆ ಒಂದು ಸುತ್ತು ನೋಡಿದೆ. ಪರದೆ ನೋಡಿದೆ: ಹಲಗೆಯಿಂದ ಹನ್ನೆರಡು ಒಳಗೆ, ಎಲ್ಲ ಸೇರಿ ಏಳು ಹೊರಗೆ. ನಾವು ಹೋಗುತ್ತಲೇ ತುಂಬಿಕೊಳ್ಳುತ್ತಿದ್ದೇವೆ! ಇದನ್ನು ಹೇಳಲೇಬೇಕು ಎಂದು ಮೆಟ್ಟಿಲು ಹತ್ತಿ ತಲೆ ಹೊರಗೆ ಹಾಕಿದರೆ ಕ್ಯಾಪ್ಟನ್ ಹಿಂದಕ್ಕೆ ತಿರುಗಿ ನೋಡುತ್ತಿದ್ದಳು.

“ಗುಡ್ಡ ಹೋಯ್ತು,” ಅಂದಳು.

ನೋಡಿದೆ. ಇರಲಿಲ್ಲ. ಸುತ್ತ ಬರೀ ನೀರು, ದುಂಡಗೆ, ತಟ್ಟೆಯ ಅಂಚಿನ ಹಾಗೆ. ಯಾವಾಗ ಹೋಯಿತೋ, ನಾನು ಮೊಳೆ ನೋಡುತ್ತಿದ್ದೆ.

“ಪೆನ್ಸಿಲ್ ಕೊಡ್ಲಾ?” ಎಂದೆ.

“ಯಾಕೆ? ನಾವು ತಿರುಗ್ತಿಲ್ಲವಲ್ಲ.” ಮತ್ತೆ ಮುಂದಕ್ಕೆ ತಿರುಗಿದಳು. ಚುಕ್ಕಾಣಿಯನ್ನು ಯಂತ್ರ ತನ್ನಷ್ಟಕ್ಕೆ ಹಿಡಿದಿತ್ತು. ಅವಳ ಎರಡೂ ಕೈ ಖಾಲಿ. ಕೂದಲು ಕಟ್ಟಿಕೊಂಡಳು, ಬಿಚ್ಚಿದಳು, ಇನ್ನೊಮ್ಮೆ ಕಟ್ಟಿಕೊಂಡಳು. ಏಳು ವರ್ಷದ ಮಕ್ಕಳು ಕಿಟಕಿ ಸೀಟು ಸಿಕ್ಕಾಗ ಮಾಡುವ ಹಾಗೆ.

ನಾನು ಕೆಳಗಿಳಿದು ಬಂದು ಇದನ್ನು ಬರೆಯುತ್ತಿದ್ದೇನೆ.

ಅಧ್ಯಕ್ಷರೇ, ಗಣ್ಯರೇ, ಎದ್ದು ಹೋಗಿ. ತಿಂಡಿ ಇಲ್ಲ. ನೀವೂ ಇಲ್ಲ, ಯಾವತ್ತೂ ಇರಲಿಲ್ಲ.

ಹಳೇ ಬ್ಯಾಟರಿ ಕೆಟ್ಟಿರಲಿಲ್ಲ. ಮೊದಲ ವರ್ಷ ಗುಡ್ಡ ಮರೆಯಾದಾಗ ನನಗೆ ಹೆದರಿಕೆ ಹತ್ತಿತು. ನಮ್ಮ ಮನೆಯ ಬಾಗಿಲಿನ ಬಣ್ಣ ಯಾವುದು ಎಂದು ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ.

ಹೊರಟ ಬೆಳಿಗ್ಗೆ ಪರೀಕ್ಷೆಗೆಂದು ಹಚ್ಚಿದ ಕಂಬದ ದೀಪವನ್ನು ಆರಿಸಲು ಆ ಸಲ ಮರೆತಿದ್ದೆ. ಹಗಲು ಬಿಸಿಲಲ್ಲಿ ಕಂಬದ ತುದಿಯ ದೀಪ ಯಾರಿಗೆ ಕಾಣುತ್ತದೆ? ಅದು ಎರಡು ದಿನ ಉರಿದು ಬ್ಯಾಟರಿ ಮುಗಿಸಿತು, ನಾವು ತಿರುಗಿದೆವು, ಗುಡ್ಡ ಮತ್ತೆ ಕಂಡಾಗ ನನಗೆ ಅಳು ಬಂತು. ಆ ವರ್ಷ ನಿಜವಾಗಿ ಮರೆತಿದ್ದೆ. ಉಳಿದ ಹತ್ತು ವರ್ಷ ನೆನಪಿಟ್ಟು ಮರೆತೆ. ಹೊಸ ಮೀಟರಿನಿಂದ ಆ ತಂತಿ ತಪ್ಪಿಸಿದ್ದೂ ಅದಕ್ಕೇ. ಅವಳ ನಕ್ಷೆಯ ಮೇಲಿನ ಹನ್ನೊಂದು ಗುಣಾಕಾರವೂ ನನ್ನ ಕೈಬರಹ.

ಬಾಗಿಲು ಹಸಿರು. ಈಗ ನೆನಪಿದೆ.

ಅವಳು ಮೇಲೆ ಸೀಟಿ ಹೊಡೆಯುತ್ತಿದ್ದಾಳೆ. ಹೋಗಿ ಹೇಳುತ್ತೇನೆ. ಪ್ರಾಸ ಹುಡುಕಿದೆ, ಒಂದೂ ಸಿಗಲಿಲ್ಲ.